ಕುಡಿತ ಬಿಟ್ಟ ಹುಡುಗನಿಗೆ ಸಂಜೆ ಎಲ್ಲಿ?

(ಸಂಘದ ಭಾನುವಾರದ ಸಾಮಾನ್ಯ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಈ ಸಭೆಯ ಮುಂದೆ ಒಂದು ಠರಾವು ಬರಲಿದೆ. ಕುಡಿತವನ್ನೂ ಇತರ ಅಮಲು ಪದಾರ್ಥಗಳನ್ನೂ ಬಿಟ್ಟು ಚೇತರಿಸಿಕೊಳ್ಳುತ್ತಿರುವ ನಮ್ಮ ಹುಡುಗರಿಗೆ ವಾರದಲ್ಲಿ ಎರಡು ಸಂಜೆ ಈ ಸಭಾಗೃಹವನ್ನು ಬಿಟ್ಟುಕೊಡಬೇಕು. ಅವರಲ್ಲಿ ಐದಾರು ಮಂದಿಗೆ ಕೂಡಿ ಇರಲು ಒಂದು ಖೋಲಿಯನ್ನು ಬಾಡಿಗೆಗೆ ಕೊಡಿಸಿ ಸಂಘವು ಜಾಮೀನು ನಿಲ್ಲಬೇಕು. ಇಷ್ಟೇ ಠರಾವು. ಆದರೆ ಇದನ್ನು ಕೇಳಿದೊಡನೆ ಕೆಲವು ಹಿರಿಯರ ಹುಬ್ಬು ಮೇಲೇರಿದೆ ಎಂಬುದು ನನಗೆ ಗೊತ್ತು. "ಸಂಘವನ್ನು ಕುಡುಕರ ಅಡ್ಡೆ ಮಾಡಬೇಕೆಂದಿದ್ದೀರಾ?" ಎಂಬ ಪ್ರಶ್ನೆಯೂ ಕಿವಿಗೆ ಬಿದ್ದಿದೆ. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿಯೇ ನಾನು ಇಲ್ಲಿ ನಿಂತಿದ್ದೇನೆ.

ಮೊದಲು ನಮ್ಮ ಹುಡುಗನ ದಿನಚರಿಯನ್ನು ನೋಡೋಣ. ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು ವರ್ಷ ಪ್ರಾಯ. ಊರಿನಿಂದ ಬಂದು ಹೊಟೇಲಿನಲ್ಲಿ ಸೇರಿದ್ದಾನೆ. ಬೆಳಗ್ಗೆ ಐದಕ್ಕೆ ಎದ್ದರೆ ಇಡ್ಲಿ ಪಾತ್ರೆಯ ಹಬೆಯಿಂದ ಶುರು. ನಡುವೆ ಮಧ್ಯಾಹ್ನ ಎರಡು ಗಂಟೆ ಬಿಡುವು. ರಾತ್ರಿ ಹನ್ನೊಂದಕ್ಕೆ ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿ ಹಾಕುವ ತನಕ ನಿಂತೇ ಇರಬೇಕು. ಆಮೇಲೆ? ಮಲಗುವುದಕ್ಕೆ ಮಾಳಿಗೆಯ ಮೇಲೆ ಹತ್ತು ಮಂದಿಯೊಡನೆ ಒಂದು ಚಾಪೆ. ಮಾತನಾಡಲು ಅಪ್ಪ ಅಮ್ಮ ಇಲ್ಲ, ಕೂತುಕೊಳ್ಳಲು ಜಗಲಿಯಿಲ್ಲ. ಪಗಾರದ ದಿನ ಜೊತೆಯವರು ಕರೆಯುತ್ತಾರೆ: "ಬಾ ಮಾರಾಯಾ, ಒಂದು ಗ್ಲಾಸಿಗೇನು?" ಆ ಗ್ಲಾಸಿನ ಸುತ್ತ ನಾಲ್ಕು ಮುಖಗಳಿರುತ್ತವೆ, ಊರಿನ ಸುದ್ದಿ ಇರುತ್ತದೆ, ನಗೆ ಇರುತ್ತದೆ. ಹುಡುಗನು ಮೊದಮೊದಲು ಕುಡಿಯುವುದು ಹೆಂಡದ ರುಚಿಗಲ್ಲ, ಆ ನಾಲ್ಕು ಮುಖಗಳಿಗಾಗಿ. ಹೆಂಡವು ಅವನನ್ನು ಹಿಡಿದುಕೊಳ್ಳುವುದು ತರುವಾಯ.

ಗಿರಣಿಯ ಬಂಧುಗಳಿಗೂ ಇದು ಹೊಸದಲ್ಲ. 1982ರ ಜನವರಿಯಲ್ಲಿ ಶುರುವಾದ ಮುಷ್ಕರದಲ್ಲಿ ಈ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಿದ್ದರು. ಎಷ್ಟೋ ಜನ ಮತ್ತೆ ಸಾಂಚೆಯ ಮುಂದೆ ನಿಲ್ಲಲೇ ಇಲ್ಲ. ಗಿರಣಿಯ ಭೋಂಗಾ ನಿಂತಾಗ ಪಗಾರದ ಜೊತೆಗೆ ಪಾಳಿಯ ಗೆಳೆತನವೂ, ಚಾಳಿನ ಭಜನೆ-ವ್ಯಾಯಾಮಶಾಲೆಗಳ ಗಲಗಲವೂ ಎಷ್ಟೋ ಕಡೆ ನಿಂತುಹೋದವು. ಅಪ್ಪನ ಬರಿದಾದ ಸಂಜೆಯನ್ನು ನೋಡಿ ಬೆಳೆದ ಮಗ, ತನ್ನ ಸಂಜೆಯನ್ನು ತುಂಬಿಕೊಳ್ಳಲು ಎಲ್ಲಿಗೆ ಹೋದನೆಂದು ನಿಮಗೆ ಹೇಳಬೇಕಾಗಿಲ್ಲ.

ಇನ್ನು ಸಂಖ್ಯೆಯ ಮಾತು. ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಖಾತೆಯು ದೆಹಲಿಯ ಏಮ್ಸ್ ಆಸ್ಪತ್ರೆಯ ತಜ್ಞರಿಂದ ಮಾಡಿಸಿದ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 10ರಿಂದ 75 ವರ್ಷ ಪ್ರಾಯದವರಲ್ಲಿ ನೂರಕ್ಕೆ 14.6, ಎಂದರೆ ಸುಮಾರು 16 ಕೋಟಿ ಜನ, ಮದ್ಯಪಾನ ಮಾಡುವವರು. ಅವರಲ್ಲಿ ಸುಮಾರು 5.7 ಕೋಟಿ ಜನರ ಕುಡಿತವು ನೆರವು ಬೇಕಾಗುವಷ್ಟು ಕೆಟ್ಟ ಸ್ಥಿತಿಗೆ ಮುಟ್ಟಿದೆ. ಕುಡಿತಕ್ಕೆ ದಾಸರಾದವರಲ್ಲಿ 38 ಮಂದಿಗೆ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಇದ್ದು ಚಿಕಿತ್ಸೆ ಪಡೆದವನು 180 ಮಂದಿಯಲ್ಲಿ ಒಬ್ಬ. ಆ ಒಬ್ಬನು ಗುಣವಾಗಿ ನಮ್ಮ ಬಾಗಿಲಿಗೆ ಬಂದು ನಿಂತಾಗ ನಾವು ಏನು ಮಾಡುತ್ತೇವೆ? ಅವನನ್ನು ಮತ್ತೆ ಅದೇ ಮಾಳಿಗೆಗೆ, ಅದೇ ಹತ್ತು ಚಾಪೆಗಳ ನಡುವಿಗೆ ಕಳಿಸುತ್ತೇವೆ. ಕೆಲವು ತಿಂಗಳಾದ ಮೇಲೆ ಅವನು ಮತ್ತೆ ಕುಡಿದರೆ "ನಾಯಿಯ ಬಾಲ ಡೊಂಕೇ" ಎಂದು ಗಾದೆ ಹೇಳಿ ಕೈ ತೊಳೆದುಕೊಳ್ಳುತ್ತೇವೆ.

ಬಂಧುಗಳೇ, ಚಟ ಹಿಡಿದ ಕುಡಿತವು ರೋಗವೆಂದು ವೈದ್ಯಶಾಸ್ತ್ರ ಒಪ್ಪಿಕೊಂಡಿದೆ. ರೋಗವೆಂದ ಮೇಲೆ ಮೊದಲ ಮೆಟ್ಟಿಲು ಡಾಕ್ಟರರದು. ಇದನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಅನೇಕ ವರ್ಷಗಳಿಂದ ದಿನವೂ ವಿಪರೀತ ಕುಡಿಯುತ್ತಿದ್ದವನು ದೇವರ ಮುಂದೆ ಆಣೆಯಿಟ್ಟು ಒಮ್ಮೆಲೇ ನಿಲ್ಲಿಸಿದರೆ, ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ಹೊಟ್ಟೆತೊಳಸು ಆರಂಭವಾಗಬಹುದು. ಮೊದಲ ಒಂದೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಒಳಗೆ ಭ್ರಮೆ ಹಿಡಿದು, ಇಲ್ಲದ್ದು ಕಾಣಿಸಿ, ಜೀವಕ್ಕೇ ಅಪಾಯವಾಗಬಹುದು. ಇಂಥವನನ್ನು ಕೋಣೆಯಲ್ಲಿ ಕೂಡಿಹಾಕುವುದು, ದೆವ್ವ ಬಡಿಯಿತೆಂದು ಬಡಿಯುವುದು ಕೊಲೆಗೆ ಸಮಾನ. ಕೆ.ಇ.ಎಂ., ನಾಯರ್, ಸಾಯನ್ ಮುಂತಾದ ನಗರಸಭೆಯ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಸರಕಾರದ 14446 ಎಂಬ ಉಚಿತ ಟೆಲಿಫೋನ್ ನಂಬರು ಇದೆ. ಅದಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಇನ್ನೊಂದು ಮಾತು: "ಅವನಿಗೆ ತಿಳಿಯದಂತೆ ಕಾಫಿಯಲ್ಲಿ ಬೆರೆಸಿ ಕೊಡಿ, ಕುಡಿತ ಬಿಡುತ್ತಾನೆ" ಎಂದು ಪುಡಿ-ಗುಳಿಗೆ ಮಾರುವವರಿದ್ದಾರೆ. ಕೆಲವು ಔಷಧಿಗಳು ಹೊಟ್ಟೆಯಲ್ಲಿರುವಾಗ ಹೆಂಡ ಕುಡಿದರೆ ರಕ್ತದ ಒತ್ತಡ ಕುಸಿದು ಪ್ರಾಣವೇ ಹೋದೀತು. ಔಷಧಿ ಡಾಕ್ಟರರ ಕೈಯಿಂದ ಬರಬೇಕು, ಕುಡಿಯುವವನಿಗೆ ತಿಳಿದೇ ಬರಬೇಕು.

ಆದರೆ ಡಾಕ್ಟರರ ಕೆಲಸ ಕೆಲವು ವಾರಗಳದ್ದು. ಆಮೇಲಿನ ವರ್ಷಗಳು ನಮ್ಮವು. ಇದನ್ನು ಜಗತ್ತು ಕಂಡುಕೊಂಡ ಬಗೆಯನ್ನು ಹೇಳಿದರೆ ಹೊಟೇಲು ಕೆಲಸದವರಾದ ನಿಮಗೆ ವಿಶೇಷ ಹಿಡಿಸೀತು, ಏಕೆಂದರೆ ಆ ಕಥೆ ಶುರುವಾಗುವುದೇ ಒಂದು ಹೊಟೇಲಿನಲ್ಲಿ.

1935ರ ಮೇ ತಿಂಗಳು. ಅಮೆರಿಕದ ಓಹಾಯೋ ಸಂಸ್ಥಾನದ ಆಕ್ರನ್ ಎಂಬ ಊರು. ಅಲ್ಲಿನ ಮೇಫ್ಲವರ್ ಹೊಟೇಲಿನ ಹಜಾರದಲ್ಲಿ ಬಿಲ್ ವಿಲ್ಸನ್ ಎಂಬವನು ಅತ್ತಿಂದಿತ್ತ ತಿರುಗುತ್ತಿದ್ದ. ಬಂದ ವ್ಯಾಪಾರ ಮುರಿದುಬಿದ್ದಿತ್ತು. ಕುಡಿತ ಬಿಟ್ಟು ಇನ್ನೂ ಐದಾರು ತಿಂಗಳಷ್ಟೇ. ಹಜಾರದ ಒಂದು ಬದಿಯಲ್ಲಿ ಬಾರು, ಅಲ್ಲಿಂದ ಜನರ ನಗೆ ಕೇಳಿಬರುತ್ತಿತ್ತು. ಇನ್ನೊಂದು ಬದಿಯಲ್ಲಿ ಟೆಲಿಫೋನು. ಅವನು ಟೆಲಿಫೋನಿನ ಕಡೆಗೆ ಹೋದ. ಊರಿನ ಪಾದ್ರಿಯೊಬ್ಬರನ್ನು ಕರೆದು, ತನ್ನಂತೆಯೇ ಕುಡಿತದಿಂದ ನರಳುವ ಇನ್ನೊಬ್ಬನ ಪರಿಚಯ ಬೇಕೆಂದ. ಹಾಗೆ ದೊರೆತವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಹದಿನೈದು ನಿಮಿಷಕ್ಕೆಂದು ಕೂತವರು ಗಂಟೆಗಟ್ಟಲೆ ಮಾತನಾಡಿದರು. ಆ ಡಾಕ್ಟರರು ಕೊನೆಯ ಸಲ ಕುಡಿದದ್ದು 1935ರ ಜೂನ್ 10ರಂದು. ಆ ದಿನವನ್ನೇ 'ಆಲ್ಕೊಹಾಲಿಕ್ಸ್ ಅನಾನಿಮಸ್' ಎಂಬ, ಎಲ್ಲರೂ 'ಎ.ಎ.' ಎಂದು ಕರೆಯುವ ಕೂಟದ ಹುಟ್ಟುದಿನವೆಂದು ಎಣಿಸುತ್ತಾರೆ. ನಮ್ಮ ದೇಶಕ್ಕೆ ಅದು 1957ರಲ್ಲಿ ಬಂತು. ಈ ಮುಂಬಯಿಯಲ್ಲಿ ಇಂದು ಹಿಂದಿ, ಮರಾಠಿ, ಇಂಗ್ಲಿಷ್ ಭಾಷೆಗಳಲ್ಲಿ ಅದರ ಸಭೆಗಳು ನಡೆಯುತ್ತವೆ.

ಆ ಸಭೆಯ ಕ್ರಮವನ್ನು ಗಮನಿಸಿ. ಚಂದಾ ಇಲ್ಲ, ಬುಟ್ಟಿ ತಿರುಗಿದಾಗ ಇದ್ದಷ್ಟು ಹಾಕಬಹುದು. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಸದಸ್ಯತ್ವದ ಅರ್ಹತೆ. ಅಲ್ಲಿ ಕೇಳಿದ ಮಾತು, ಕಂಡ ಮುಖ ಅಲ್ಲಿಯೇ ಉಳಿಯಬೇಕು. ಭಾಷಣ ಬಿಗಿಯುವವರಿಲ್ಲ, ಬಿಟ್ಟವನು ಬಿಡಬೇಕೆಂದಿರುವವನಿಗೆ ತನ್ನ ಕಥೆ ಹೇಳುತ್ತಾನೆ. ಪ್ರಾಯದ ಹುಡುಗರಿಗೆ ಹಿರಿಯರ ನಡುವೆ ಬಾಯಿ ಕಟ್ಟುತ್ತದೆಂದು ಕಂಡುಬಂದಾಗ 1940ರ ದಶಕದಲ್ಲಿಯೇ ತರುಣರ ಪ್ರತ್ಯೇಕ ಕೂಟಗಳು ಹುಟ್ಟಿದವು. 1958ರಲ್ಲಿ ನಯಾಗರಾ ಜಲಪಾತದ ಊರಿನಲ್ಲಿ ಎ.ಎ. ತರುಣರ ಮೊದಲ ಅಂತರರಾಷ್ಟ್ರೀಯ ಸಮ್ಮೇಳನವೂ ನೆರೆಯಿತು.

ಇದರಿಂದ ನಿಜವಾಗಿ ಗುಣವುಂಟೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ್ದೇ. 2020ರಲ್ಲಿ ವೈದ್ಯಕೀಯ ಪಂಡಿತರು 27 ಅಧ್ಯಯನಗಳನ್ನು, 10,565 ಜನರ ಅನುಭವವನ್ನು ಒಟ್ಟಿಗೆ ತೂಗಿ ನೋಡಿದರು. ಎ.ಎ. ಕೂಟಕ್ಕೆ ಜನರನ್ನು ಕ್ರಮವಾಗಿ ಸೇರಿಸುವ ಚಿಕಿತ್ಸೆಯು, ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ, ಇತರ ಪ್ರಸಿದ್ಧ ಮನಶ್ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಡುತ್ತದೆಂದು ತೀರ್ಮಾನಕ್ಕೆ ಬಂದರು. ಅಮೆರಿಕದಲ್ಲಿಯೇ ನಡೆದ ಇನ್ನೊಂದು ಅಧ್ಯಯನ ನನಗೆ ಇನ್ನೂ ಹೆಚ್ಚು ಮುಖ್ಯವೆನಿಸುತ್ತದೆ. ಕುಡಿತದ ಚಿಕಿತ್ಸೆಗೆ ಬಂದವನ ಗೆಳೆಯರ ಬಳಗದಲ್ಲಿ ಕುಡಿಯದವನು ಒಬ್ಬನೇ ಒಬ್ಬ ಹೆಚ್ಚಾದರೆ, ಮುಂದಿನ ವರ್ಷ ಅವನು ಕುಡಿಯದೆ ಉಳಿಯುವ ಸಂಭವ ಶೇಕಡಾ 27ರಷ್ಟು ಹೆಚ್ಚುತ್ತದೆಂದು ಅದು ಲೆಕ್ಕ ಹಾಕಿತು. ಒಬ್ಬ ಗೆಳೆಯ, ಬಂಧುಗಳೇ! ಅದಕ್ಕೆ ಸರಕಾರದ ಮಂಜೂರಾತಿ ಬೇಡ.

ಈಗ ಖೋಲಿಯ ವಿಷಯಕ್ಕೆ ಬರುತ್ತೇನೆ. ಖೋಲಿ ಎಂದರೆ ಏನೆಂದು ಮುಂಬಯಿಯ ಕೆಲಸಗಾರರಿಗೆ ಬೇರೆಯವರು ಕಲಿಸಬೇಕೇ? ಒಂದೇ ಊರಿನ ಹತ್ತು ಜನ ಕೂಡಿ ಒಂದು ಖೋಲಿ ಹಿಡಿದು, ಬಾಡಿಗೆ ಹಂಚಿಕೊಂಡು, ಪಾಳಿಯ ಮೇಲೆ ಮಲಗಿ, ಖಾನಾವಳಿಯಲ್ಲಿ ಉಂಡು ಬದುಕಿದವರು ನಾವು. 1942ರಲ್ಲಿ ಮಾಟುಂಗಾ ಸ್ಟೇಶನ್ನಿನ ಬಳಿ ರಾಮ ನಾಯಕರು ಬೋರ್ಡಿಂಗು ತೆರೆದದ್ದು, ಮನೆ ಬಿಟ್ಟು ಬಂದವನಿಗೆ ಮನೆಯ ಊಟ ಸಿಗಲೆಂದಲ್ಲವೇ? ಅದೇ ಖೋಲಿಯ ಪದ್ಧತಿಯನ್ನು ಕುಡಿತ ಬಿಟ್ಟವರ ರಕ್ಷಣೆಗೆ ಬಳಸಿದವರು 1975ರಲ್ಲಿ ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದ ಸಿಲ್ವರ್ ಸ್ಪ್ರಿಂಗ್ ಎಂಬಲ್ಲಿ ಇದ್ದರು. ಚೇತರಿಸಿಕೊಳ್ಳುವವರಿಗಾಗಿ ನಡೆಯುತ್ತಿದ್ದ ಒಂದು ಸರಕಾರಿ ಆಶ್ರಯಮನೆ ಹಣವಿಲ್ಲದೆ ಮುಚ್ಚುವುದರಲ್ಲಿತ್ತು. ಅಲ್ಲಿದ್ದವರು ಪಾಲ್ ಮಲಾಯ್ ಎಂಬವರ ಮುಂದಾಳುತನದಲ್ಲಿ ತಾವೇ ಬಾಡಿಗೆ ಹೊತ್ತು ಮನೆಯನ್ನು ನಡೆಸತೊಡಗಿದರು. 'ಆಕ್ಸ್‌ಫರ್ಡ್ ಹೌಸ್' ಎಂದು ಹೆಸರಿಟ್ಟರು. ಇಂದು ಅಂಥ ಮನೆಗಳು ಸಾವಿರಗಟ್ಟಲೆ ಇವೆ. ಮೂರೇ ನಿಯಮಗಳು. ಮನೆಯ ಆಡಳಿತವನ್ನು ಇರುವವರೇ ಓಟಿನಿಂದ ನಡೆಸಬೇಕು. ಖರ್ಚನ್ನು ಇರುವವರೇ ಹಂಚಿಕೊಳ್ಳಬೇಕು. ಯಾರಾದರೂ ಕುಡಿದರೆ ಅಥವಾ ಅಮಲು ಪದಾರ್ಥ ಮುಟ್ಟಿದರೆ ಅವರು ಕೂಡಲೇ ಮನೆ ಬಿಡಬೇಕು. ಯಾರೂ ಯಜಮಾನನಾಗಿ ಬೇರೂರಬಾರದೆಂದು ಪದಾಧಿಕಾರಿಗಳ ಅವಧಿ ಆರು ತಿಂಗಳಿಗೆ ಮಾತ್ರ.

ಇದರ ಪರೀಕ್ಷೆಯೂ ಆಗಿದೆ. ಇಲಿನಾಯ್ ಸಂಸ್ಥಾನದಲ್ಲಿ ಚಿಕಿತ್ಸೆ ಮುಗಿಸಿದ 150 ಜನರಲ್ಲಿ ಅರ್ಧ ಜನರನ್ನು ಚೀಟಿ ಎತ್ತಿದಂತೆ ಆಯ್ದು ಇಂಥ ಮನೆಗಳಿಗೆ ಕಳಿಸಿದರು. ಉಳಿದವರನ್ನು ಎಂದಿನಂತೆ ಅವರವರ ಜಾಗಕ್ಕೆ ಬಿಟ್ಟರು. 2006ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡು ವರ್ಷಗಳಾದ ಮೇಲೆ ಮತ್ತೆ ಅಮಲಿಗೆ ಬಿದ್ದವರು ಹೊರಗಿದ್ದವರಲ್ಲಿ ನೂರಕ್ಕೆ 65, ಕೂಡಿಬಾಳಿದವರಲ್ಲಿ ನೂರಕ್ಕೆ 31. ಕೆಲಸದಲ್ಲಿದ್ದವರು ಹೊರಗೆ ನೂರಕ್ಕೆ 49, ಕೂಡುಮನೆಯಲ್ಲಿ 76. ಪ್ರಾಯದ ಹುಡುಗರ ಬಗೆಗೆ ಇನ್ನೊಂದು ಸಂಗತಿ ತಿಳಿದುಬಂತು. ಅವರಲ್ಲಿ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಮನೆಯಲ್ಲಿ ಉಳಿದವರಿಗೆ ಹೆಚ್ಚು ಪ್ರಯೋಜನವಾಯಿತು. ಬೇಗ ಎದ್ದುಹೋದವರಿಗೆ ಅಷ್ಟಿಲ್ಲ. ಹಿಡಿತ, ಮುಂದಾಲೋಚನೆ ಇವುಗಳನ್ನು ನಡೆಸುವ ಮೆದುಳಿನ ಭಾಗವು ಪೂರ್ತಿ ಬಲಿಯುವುದು ಇಪ್ಪತ್ತೈದರ ಸುಮಾರಿಗೆ ಎನ್ನುತ್ತಾರೆ ಬಲ್ಲವರು. ಆದ್ದರಿಂದ ಹುಡುಗರಿಗೆ ಆಸರೆ ಹೆಚ್ಚು ಕಾಲ ಬೇಕು. ಮೊಳಕೆಗೆ ಬೇಲಿ, ಮರಕ್ಕೇಕೆ?

ಪರದೇಶದ ಮಾತಾಯಿತು, ನಮ್ಮಲ್ಲಿ ನಡೆದೀತೇ ಎನ್ನುವಿರಾ? ಇಲ್ಲಿಂದ ನಾಲ್ಕು ತಾಸಿನ ಹಾದಿ, ಪುಣೆ. 1980ರ ದಶಕದಲ್ಲಿ ಬ್ರೌನ್ ಶುಗರ್ ಎಂಬ ಗರ್ದಿನ ಪುಡಿ ಮುಂಬಯಿ-ಪುಣೆಯ ಹುಡುಗರನ್ನು ನುಂಗುತ್ತಿದ್ದಾಗ ಲೇಖಕ ಅನಿಲ ಅವಚಟರು ಅದರ ಬಗ್ಗೆ ಲೇಖನಗಳನ್ನು ಬರೆದರು. ಅದನ್ನು ಓದಿ ಮನಕರಗಿದ ಪು. ಲ. ದೇಶಪಾಂಡೆ ದಂಪತಿಗಳು ಹಣದ ನೆರವು ಕೊಟ್ಟರು. ಅವಚಟರ ಪತ್ನಿ, ಮನೋವೈದ್ಯೆ ಡಾ. ಅನಿತಾ ಅವಚಟರು 1986ರಲ್ಲಿ 'ಮುಕ್ತಾಂಗಣ'ವನ್ನು ತೆರೆದರು. ಅಲ್ಲಿ ಗುಣವಾದ ಹುಡುಗರೇ ಮುಂದೆ ಅಲ್ಲಿನ ಕಾರ್ಯಕರ್ತರಾದರು. ಹಾಡು, ವ್ಯಾಯಾಮ, ಕೆಲಸ, ಹೆಂಡಂದಿರ ಬೇರೆ ಸಭೆ ಎಲ್ಲವೂ ಚಿಕಿತ್ಸೆಯ ಭಾಗಗಳಾದವು. ಕುಡಿತ ಬಿಟ್ಟು ವರ್ಷ ತುಂಬಿದ ದಿನವನ್ನು ಹುಟ್ಟುಹಬ್ಬದಂತೆ ಹತ್ತು ಜನರ ಮುಂದೆ ಆಚರಿಸುತ್ತಾರೆ. ನಮ್ಮ ದಕ್ಷಿಣ ಕನ್ನಡದಲ್ಲಿಯೂ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದ್ದಾರೆ. ಶಿಬಿರ ಮುಗಿದೊಡನೆ ಹುಡುಗನನ್ನು ಬಿಟ್ಟುಬಿಡುವುದಿಲ್ಲ. ಪಾನಮುಕ್ತರನ್ನು 'ನವಜೀವನ ಸಮಿತಿ'ಗಳಲ್ಲಿ ಕೂಡಿಸುತ್ತಾರೆ. ನಿಮ್ಮಲ್ಲಿ ಕೆಲವರ ಅಣ್ಣತಮ್ಮಂದಿರು ಅಂಥ ಸಮಿತಿಗಳಲ್ಲಿ ಇದ್ದಾರು. ಊರಿನಲ್ಲಿ ಅವನಿಗೆ ಸಮಿತಿಯಿದೆ. ರೈಲು ಹತ್ತಿ ಮುಂಬಯಿಗೆ ಬಂದರೆ ಯಾರಿದ್ದಾರೆ?

ಕಾನೂನು ಇದ್ದರೆ ಸಾಕು, ಕೂಟವೇಕೆ ಎಂಬ ವಾದವೂ ಉಂಟು. ಕಾನೂನನ್ನು ಈ ಊರು ಕಂಡಿದೆ. 1949ರ ಮುಂಬಯಿ ಪಾನನಿರೋಧ ಶಾಸನದ ಕಾಲದಲ್ಲಿ ಹೆಂಡದಂಗಡಿ ಮುಚ್ಚಿತು, ಹಾತಭಟ್ಟಿ ತೆರೆಯಿತು. ಆಮೇಲೆ ಶಾಸನ ಸಡಿಲವಾಯಿತು. ಇಂದಿಗೂ ಬಾರಿನ ಬಾಗಿಲ ಮೇಲಿರುವ 'ಪರ್ಮಿಟ್ ರೂಮ್' ಎಂಬ ಹೆಸರು ಆ ಶಾಸನದ ಕೂಸು. ಕಳ್ಳಭಟ್ಟಿಯ ವಿಷವಂತೂ ನಿಂತಿಲ್ಲ: 2015ರ ಜೂನಿನಲ್ಲಿ ಮಾಲಾಡಿನ ಮಾಲವಣಿಯಲ್ಲಿ ನೂರಕ್ಕೂ ಹೆಚ್ಚು ಬಡವರು ಸತ್ತರು. ಕರ್ನಾಟಕದಲ್ಲಿ 2007ರ ಜುಲೈಯಿಂದ ಸಾರಾಯಿ ನಿಷೇಧವಾಯಿತು, ಕುಡಿತ ನಿಂತಿತೇ? ಕಾನೂನು ಬೇಡವೆಂದು ನಾನು ಹೇಳುವುದಿಲ್ಲ. ಕಾನೂನು ಬಾಟಲಿಯನ್ನು ಕಸಿದುಕೊಳ್ಳಬಲ್ಲದು, ಬರಿದಾದ ಸಂಜೆಯನ್ನು ತುಂಬಲಾರದು ಎಂದಷ್ಟೇ ನನ್ನ ಮಾತು.

ಸಂಜೆಯನ್ನು ತುಂಬುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ರಾತ್ರಿಶಾಲೆಗಳನ್ನು ನೆನೆಯಿರಿ. ಕಪ್ಪುಬಶಿ ತೊಳೆಯುವ ಹುಡುಗನು ಕೈಯೊರಸಿಕೊಂಡು, ಪಾಟಿ ಹಿಡಿದು, ನಿದ್ದೆಗಣ್ಣಿನಲ್ಲಿ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕೂತದ್ದರಿಂದ ಈ ನಗರದಲ್ಲಿ ವಕೀಲರೂ ಗುಮಾಸ್ತರೂ ಮಾಸ್ತರರೂ ಆದವರೆಷ್ಟೋ. ಆ ಶಾಲೆ ಅಕ್ಷರವನ್ನು ಮಾತ್ರ ಕೊಡಲಿಲ್ಲ. ರಾತ್ರಿ ಹೋಗಬೇಕಾದ ಒಂದು ಜಾಗವನ್ನು, ಬಾರದಿದ್ದರೆ "ನಿನ್ನೆ ಎಲ್ಲಿದ್ದೆಯೋ?" ಎಂದು ಕೇಳುವ ಒಬ್ಬ ಮಾಸ್ತರನ್ನು ಕೊಟ್ಟಿತು. ನಾನು ಕೇಳುತ್ತಿರುವುದೂ ಇಂಥದೇ ಒಂದು ಜಾಗ.

ಇನ್ನು ಆಕ್ಷೇಪಣೆಗಳು. ಸಂಘಕ್ಕೆ ಕೆಟ್ಟ ಹೆಸರು ಬಂದೀತು ಎನ್ನುತ್ತಾರೆ. ಗೆಳೆಯರೇ, ಕುಡಿಯುವವರು ನಮ್ಮ ಸಂಘದಲ್ಲಿ ಈಗಲೂ ಇದ್ದಾರೆ. ವಾರ್ಷಿಕೋತ್ಸವದ ರಾತ್ರಿ ಪರದೆಯ ಹಿಂದೆ ಏನು ನಡೆಯುತ್ತದೆಂದು ಸ್ವಯಂಸೇವಕರು ಬಲ್ಲರು. ಅದರಿಂದ ಬಾರದ ಕೆಟ್ಟ ಹೆಸರು, ಕುಡಿತ ಬಿಟ್ಟವರು ಚಹಾ ಕುಡಿದು ಕೇರಂ ಆಡಿದರೆ ಬಂದೀತೇ?

ಅವರು ಮತ್ತೆ ಬಿದ್ದರೆ ಏನು ಗತಿ ಎನ್ನುತ್ತಾರೆ. ಕೆಲವರು ಬೀಳುತ್ತಾರೆ. ಇದು ಈ ರೋಗದ ಗುಣ; ಸಕ್ಕರೆ ರೋಗದವನು ಪಥ್ಯ ಮುರಿದಂತೆ. ಖೋಲಿಯಲ್ಲಿದ್ದು ಕುಡಿದವನು ಖೋಲಿ ಬಿಡಲೇಬೇಕು, ಇಲ್ಲದಿದ್ದರೆ ಉಳಿದ ಐವರೂ ಜಾರುತ್ತಾರೆ. ಆದರೆ ಅವನನ್ನು ನಡುರಾತ್ರಿ ಬೀದಿಗೆ ನೂಕುವುದಲ್ಲ. ಒಬ್ಬನು ಜೊತೆಗೆ ಹೋಗಿ ಆಸ್ಪತ್ರೆಗೋ ಸಂಬಂಧಿಕರಲ್ಲಿಗೋ ಮುಟ್ಟಿಸಬೇಕು. ಸಂಜೆಯ ಕೂಟದ ಬಾಗಿಲು ಮರುದಿನವೇ ಅವನಿಗೆ ತೆರೆದಿರಬೇಕು. ಮನೆಯ ನಿಯಮ ಬಿಗಿ, ಕೂಟದ ಮನಸ್ಸು ಸಡಿಲ. ಈ ಎರಡನ್ನೂ ಕೂಡಿಸಿಕೊಂಡು ಹೋಗುವುದರಲ್ಲಿಯೇ ಜಾಣತನವಿದೆ.

ಇದರಲ್ಲಿ ರಾಜಕೀಯ ನುಸುಳೀತು ಎಂಬ ಭಯವೂ ಕೆಲವರಿಗಿದೆ. ಈ ಭಯ ನ್ಯಾಯವಾದದ್ದು. 1840ರಲ್ಲಿ ಅಮೆರಿಕದ ಬಾಲ್ಟಿಮೋರ್ ಊರಿನ ಒಂದು ಹೆಂಡದಂಗಡಿಯಲ್ಲಿ ಆರು ಗೆಳೆಯರು ಕುಡಿತ ಬಿಡುವ ಪಣ ತೊಟ್ಟು 'ವಾಷಿಂಗ್ಟನ್ ಸಂಘ' ಕಟ್ಟಿದರು. ಕೆಲವೇ ವರ್ಷಗಳಲ್ಲಿ ಲಕ್ಷಗಟ್ಟಲೆ ಜನ ಸೇರಿದರು. ಆಮೇಲೆ ಪಾನನಿರೋಧದ ರಾಜಕೀಯ, ಪಂಥಗಳ ಜಗಳ, ಮುಂದಾಳುಗಳ ಮೆರವಣಿಗೆ ಒಳಹೊಕ್ಕು, ಒಂದು ದಶಕ ಕಳೆಯುವುದರೊಳಗೆ ಸಂಘ ಕರಗಿಹೋಯಿತು. ಎ.ಎ.ಯವರು ಇದರಿಂದ ಪಾಠ ಕಲಿತು, ತಮ್ಮ ಕೂಟ ಯಾವ ಹೊರಗಿನ ವಿವಾದಕ್ಕೂ ಕೈಹಾಕದೆಂದು ನಿಯಮ ಮಾಡಿಕೊಂಡರು. ನಾವೂ ಹಾಗೆಯೇ ಮಾಡೋಣ. ಆ ಎರಡು ಸಂಜೆ ಈ ಸಭಾಗೃಹದಲ್ಲಿ ಚುನಾವಣೆಯ ಮಾತಿಲ್ಲ, ಜಾತಿಯ ಮಾತಿಲ್ಲ, ದೇಣಿಗೆ ಚೀಟಿಯಿಲ್ಲ, ಭಾವಚಿತ್ರ ತೆಗೆಯುವುದೂ ಇಲ್ಲ.

ಈಗ ಕೆಲಸದ ಮಾತು. ಮೊದಲನೆಯದಾಗಿ, ಕೂಟದ ವೇಳೆ ಹೊಟೇಲಿನ ಗಡಿಯಾರಕ್ಕೆ ಹೊಂದಬೇಕು. ಸಂಜೆ ಆರಕ್ಕೆ ಕೂಟ ಕರೆದರೆ ಸಪ್ಲೈಯರ್ ಹುಡುಗನು ಹೇಗೆ ಬಂದಾನು? ವಾರದ ರಜೆಯ ದಿನ ಮಧ್ಯಾಹ್ನ ಮೂರರಿಂದ ಒಂದು ಸಲ, ರಾತ್ರಿ ಹನ್ನೊಂದೂವರೆಯಿಂದ ಒಂದು ಸಲ. ಪಗಾರದ ರಾತ್ರಿ ಕೂಟ ತಪ್ಪಲೇಬಾರದು. ಅದೇ ಅತ್ಯಂತ ಗಂಡಾಂತರದ ರಾತ್ರಿ.

ಎರಡನೆಯದಾಗಿ, ಕೂಟವೆಂದರೆ ಬರಿಯ ಮಾತಲ್ಲ. ಅರ್ಧ ತಾಸು ಮಾತು ಸಾಕು. ಉಳಿದದ್ದು ಕಬಡ್ಡಿ, ವಾಲಿಬಾಲ್, ಯಕ್ಷಗಾನದ ತಾಳ-ಹೆಜ್ಜೆ, ಭಜನೆ, ವಾಚನಾಲಯ, ಒಟ್ಟಿಗೆ ಅಡಿಗೆ. ಅಡಿಗೆಯಲ್ಲಿ ನಮ್ಮನ್ನು ಮೀರಿಸುವವರುಂಟೇ! ಕುಡಿಯದೆಯೂ ನಗಬಹುದು ಎಂಬುದನ್ನು ಹುಡುಗನು ಕಣ್ಣಾರೆ ಕಾಣಬೇಕು. ಉಪದೇಶದಿಂದ ಇದು ಆಗತಕ್ಕದ್ದಲ್ಲ.

ಮೂರನೆಯದಾಗಿ, ಹೊಸಬನು ಬಂದಾಗ ಅವನಿಗೆ ಒಬ್ಬ ಜೊತೆಗಾರನನ್ನು ಗೊತ್ತುಮಾಡಬೇಕು. ವರ್ಷವಾದರೂ ಕುಡಿಯದೆ ಇರುವವನು. ರಾತ್ರಿ ಎರಡು ಗಂಟೆಗೆ ಮನಸ್ಸು ಕೆಟ್ಟರೂ ಫೋನ್ ಮಾಡಲು ಅವನಿಗೆ ಒಂದು ನಂಬರು ಇರಬೇಕು. ಊರಿಗೆ ಜಾತ್ರೆಗೋ ಕೋಲಕ್ಕೋ ಮದುವೆಗೋ ಹೊರಟರೆ ಸಾಧ್ಯವಿದ್ದಷ್ಟು ಇಬ್ಬರು ಕೂಡಿ ಹೋಗಲಿ. ಊರಿನ ಸಂಭ್ರಮದಲ್ಲಿ "ಮುಂಬಯಿಯಿಂದ ಬಂದಿದ್ದೀ, ಏನೂ ಇಲ್ಲವೇ?" ಎಂಬ ಒತ್ತಾಯ ಎಷ್ಟು ಬಲವಾದದ್ದೆಂದು ನಿಮಗೆಲ್ಲ ಗೊತ್ತಿದೆ.

ನಾಲ್ಕನೆಯದಾಗಿ, ಖೋಲಿ. ಐದಾರು ಜನ, ಸಮನಾಗಿ ಹಂಚಿಕೊಂಡ ಬಾಡಿಗೆ, ತಿಂಗಳಿಗೊಮ್ಮೆ ಲೆಕ್ಕ, ಆರು ತಿಂಗಳಿಗೊಮ್ಮೆ ಹೊಸ ಮುಖಂಡ. ಸಂಘದಿಂದ ದಾನ ಬೇಡ, ಮನೆಯ ಮಾಲೀಕರಿಗೆ ಸಂಘದ ಜಾಮೀನು ಮಾತ್ರ ಸಾಕು. ತನ್ನ ದುಡ್ಡಿನಿಂದ ಕಟ್ಟಿದ ಬಾಡಿಗೆಯ ಮನೆಯಲ್ಲಿ ಮನುಷ್ಯನ ಬೆನ್ನು ನೆಟ್ಟಗಾಗುತ್ತದೆ.

ಐದನೆಯದನ್ನು ಹೇಳುವಾಗ ಹೊಟೇಲು ಧಣಿಗಳು ಸಿಟ್ಟಾಗಬಾರದು. ನಮ್ಮವರ ಎಷ್ಟೋ ಚಹಾದ ಹೊಟೇಲುಗಳು ಇಂದು ಬಾರುಗಳಾಗಿವೆ. ಕುಡಿತ ಬಿಡಬೇಕೆಂದಿರುವ ಹುಡುಗನ ಕೈಯಲ್ಲಿಯೇ ಮಧ್ಯರಾತ್ರಿಯವರೆಗೆ ಬಾಟಲಿ ತೆರೆಯಿಸುತ್ತೇವೆ. ಬಾಯಾರಿದವನ ಕೈಗೆ ಕೊಡ ಕೊಟ್ಟು, ಮುಟ್ಟಬೇಡ ಎಂದಂತೆ! ಚಿಕಿತ್ಸೆ ಮುಗಿಸಿ ಬಂದವನನ್ನು ಕೆಲಸದಿಂದ ತೆಗೆಯಬಾರದು. ಮೊದಲ ವರ್ಷವಾದರೂ ಅವನನ್ನು ಅಡಿಗೆ ಕೋಣೆಗೋ ಗಲ್ಲೆಗೋ ಬಾರಿಲ್ಲದ ಹೊಟೇಲಿಗೋ ಬದಲಿಸಬೇಕು. ಈ ಕುರಿತು ಸಂಘವು ಧಣಿಗಳೊಡನೆ ಮಾತನಾಡಬೇಕು. ಕುಡಿದು ಗೈರುಹಾಜರಾಗುವ ಕೆಲಸಗಾರನಿಗಿಂತ ಕುಡಿಯದೆ ಹೊತ್ತಿಗೆ ಸರಿಯಾಗಿ ಬರುವವನು ಧಣಿಗೂ ಲಾಭವೇ.

ಕೊನೆಯದಾಗಿ, ಹೆಸರಿನ ಗುಟ್ಟು. ಕೂಟಕ್ಕೆ ಯಾರು ಬರುತ್ತಾರೆಂಬ ಪಟ್ಟಿ ಸಂಘದ ಕಚೇರಿಗೂ ಸಿಗಕೂಡದು. ಇಲ್ಲಿ ಕೇಳಿದ ಮಾತು ಊರಿಗೆ ಮುಟ್ಟಿ ಒಬ್ಬನ ತಂಗಿಯ ಮದುವೆ ಮುರಿದರೆ, ಮರುದಿನದಿಂದ ಯಾರೂ ಬರುವುದಿಲ್ಲ.

ತಾಯಂದಿರಿಗೆ ಎರಡು ಮಾತು. ಕುಡಿಯುವವನ ಮನೆಯಲ್ಲಿ ಕಾಯಿಲೆ ಒಬ್ಬನಿಗೆ, ನರಳುವುದು ಎಲ್ಲರೂ. ನೀವೂ ತಿಂಗಳಿಗೊಮ್ಮೆ ಬೇರೆಯಾಗಿ ಕೂಡಿ ಮಾತನಾಡಿರಿ. ಅವನ ಜೇಬು ತಡಕುವುದು, ಬಾಯಿ ಮೂಸುವುದು, ಹಳೆಯ ಸಾಲದ ಲೆಕ್ಕವನ್ನು ದಿನವೂ ತೆಗೆಯುವುದು ಇವುಗಳಿಂದ ಯಾರೂ ಗುಣವಾದುದಿಲ್ಲ. ಹಾಗೆಂದು ಹೊಡೆತ ಬಡಿತಗಳನ್ನು ಸಹಿಸಿಕೊಂಡು ಕೂಡಬೇಕೆಂದೂ ಇಲ್ಲ. ನಿಮ್ಮ ರಕ್ಷಣೆ ಮೊದಲು. ಅದಕ್ಕೂ ಸಂಘ ನಿಮ್ಮ ಬೆನ್ನಿಗಿರಬೇಕು. ನಮ್ಮ ಕೆಲಸಗಾರ ಹೆಣ್ಣುಮಕ್ಕಳಲ್ಲಿಯೂ ಈ ರೋಗಕ್ಕೆ ಸಿಕ್ಕವರಿದ್ದರೆ ಅವರಿಗೆ ಪ್ರತ್ಯೇಕ ವೇಳೆ ಇರಲಿ.

ಬಂಧುಗಳೇ, ನಾವು ಪಗಾರಕ್ಕಾಗಿ, ರಜೆಗಾಗಿ, ಬೋನಸ್ಸಿಗಾಗಿ ಕೂಡಿ ಹೋರಾಡಿದವರು. ಎಂಟು ತಾಸಿನ ದುಡಿಮೆಯಾದ ಮೇಲೆ ಉಳಿದ ಹೊತ್ತು ನಮ್ಮದೆಂದು ಸಾರಿದವರು. ಆ ಹೊತ್ತು ನಮ್ಮ ಹುಡುಗರ ಕೈಯಿಂದ ಜಾರಿ ಗ್ಲಾಸಿನೊಳಗೆ ಬೀಳುತ್ತಿದ್ದರೆ, ಗೆದ್ದುಕೊಂಡು ಫಲವೇನು? ಈ ಸಭಾಗೃಹದ ಬಾಗಿಲು ವಾರದಲ್ಲಿ ಐದು ರಾತ್ರಿ ಬೀಗ ಹಾಕಿಕೊಂಡೇ ಇರುತ್ತದೆ. ಎರಡು ರಾತ್ರಿಗಳ ಬೀಗದ ಕೈಯನ್ನು ಆ ಹುಡುಗರ ಕೈಗೆ ಕೊಡಿರಿ. ಆರು ತಿಂಗಳು ನೋಡೋಣ. ನಷ್ಟವೆಂದು ತೋರಿದರೆ ಮುಂದಿನ ಸಾಮಾನ್ಯ ಸಭೆಯಲ್ಲಿ ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕು ನಿಮ್ಮದೇ.

ಠರಾವಿನ ಪರವಾಗಿ ಕೈಯೆತ್ತಬೇಕೆಂದು ಎಲ್ಲರಲ್ಲಿಯೂ ವಿನಂತಿಸಿಕೊಳ್ಳುತ್ತೇನೆ.